ಇಟಲಿಗೆ ಹೊರಟವರಿಗೆ: ಊರು ಕಡಿಮೆ ಇರಲಿ, ದಿನ ಜಾಸ್ತಿ ಇರಲಿ

“ಹತ್ತು ದಿನ ರಜೆ ಇದೆ. ರೋಮ್, ಫ್ಲಾರೆನ್ಸ್, ವೆನಿಸ್, ಮಿಲಾನ್, ಪೀಸಾ, ಪೊಂಪೆ ಎಲ್ಲ ಆಗುತ್ತಾ? ಹಾಗೇ ಸ್ವಿಟ್ಜರ್ಲೆಂಡೂ ಸೇರಿಸಬಹುದಾ?” ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಆರು ಊರು ಸುತ್ತಿ ಬರಬಹುದು. ಆದರೆ ಊರು ಬದಲಾಯಿಸಿದಾಗಲೆಲ್ಲ ಅರ್ಧ ದಿನ ಹೋಗುತ್ತದೆ. ಲಗೇಜು ಕಟ್ಟಬೇಕು, ಸ್ಟೇಷನ್ನಿಗೆ ಓಡಬೇಕು, ಹೊಸ ಹೋಟೆಲ್ ಹುಡುಕಬೇಕು, ಅಲ್ಲಿ ಮಧ್ಯಾಹ್ನ ಎರಡು ಮೂರು ಗಂಟೆಯ ತನಕ ರೂಮು ಸಿಗಲ್ಲ. ಇನ್ನೊಂದು ವಿಷಯವನ್ನೂ ನೆನಪಿಡಿ. 1861ಕ್ಕೆ ಮೊದಲು ಇಟಲಿ ಅನ್ನುವ ಒಂದೇ ದೇಶ ಇರಲಿಲ್ಲ. ವೆನಿಸ್ ಸಾವಿರ ವರ್ಷಕ್ಕೂ ಜಾಸ್ತಿ ಕಾಲ ತನ್ನದೇ ಗಣರಾಜ್ಯವಾಗಿತ್ತು, 1797ರಲ್ಲಿ ನೆಪೋಲಿಯನ್ ಅದನ್ನು ಮುಗಿಸಿದ. ರೋಮ್ ಪೋಪ್ ಕೈಯಲ್ಲಿತ್ತು. ಫ್ಲಾರೆನ್ಸ್, ನೇಪಲ್ಸ್ ಎಲ್ಲ ಬೇರೆ ಬೇರೆ ರಾಜ್ಯಗಳು. ಹಾಗಾಗಿ ಒಂದೂವರೆ ಗಂಟೆ ರೈಲಲ್ಲಿ ಹೋದರೂ ಅಡುಗೆ ಬದಲಾಗುತ್ತದೆ, ಗೋಡೆಯ ಬಣ್ಣ ಬದಲಾಗುತ್ತದೆ, ಮಾತಿನ ಧಾಟಿ ಬದಲಾಗುತ್ತದೆ. ಇದನ್ನು ಅನುಭವಿಸಬೇಕು ಅಂದರೆ ಒಂದೊಂದು ಊರಿನಲ್ಲಿ ಸ್ವಲ್ಪ ಕೂರಬೇಕು.

1. ಮೂರು ಊರು ಆರಿಸಿಕೊಳ್ಳಿ

ಹತ್ತು ದಿನಕ್ಕೆ ಮೂರು ಊರು ಸಾಕು. ಮೊದಲ ಸಲ ಹೋಗುವವರಿಗೆ ರೋಮ್ ನಾಲ್ಕು ರಾತ್ರಿ, ಫ್ಲಾರೆನ್ಸ್ ಮೂರು ರಾತ್ರಿ, ವೆನಿಸ್ ಎರಡು ರಾತ್ರಿ. ಫ್ಲಾರೆನ್ಸ್‌ನಲ್ಲಿ ಉಳಿದುಕೊಂಡೇ ಸಿಯೆನಾ ಅಥವಾ ಪೀಸಾ ನೋಡಿ ಸಂಜೆಗೆ ವಾಪಸ್ ಬರಬಹುದು. ಹಳೆಯ ಕಾಲದ ಇತಿಹಾಸವೇ ಮುಖ್ಯ ಅನ್ನುವವರು ವೆನಿಸ್ ಬಿಟ್ಟು ನೇಪಲ್ಸ್ ಹಿಡಿಯಿರಿ, ಜ್ವಾಲಾಮುಖಿ ಸಿಡಿದು ಹೂತುಹೋದ ಪೊಂಪೆ ಅದರ ಪಕ್ಕದಲ್ಲೇ ಇದೆ. ಎರಡನೇ ಸಲ ಹೋಗುವವರಿಗೆ ನನ್ನ ಮೊದಲ ಸಲಹೆ ಬೊಲೋನ್ಯಾ. ಅಲ್ಲಿಂದ ರೈಲಲ್ಲಿ ಸುಮಾರು ಒಂದು ಗಂಟೆ ದೂರದ ರವೆನ್ನಕ್ಕೆ ಹೋಗಿ. 402ರಿಂದ ಪಶ್ಚಿಮ ರೋಮನ್ ಸಾಮ್ರಾಜ್ಯದ ರಾಜಧಾನಿ ಅದೇ ಆಗಿತ್ತು. ಸಾನ್ ವಿತಾಲೆ ಚರ್ಚಿನಲ್ಲಿ ಆರನೇ ಶತಮಾನದ ಮೊಸಾಯಿಕ್, ಅಂದರೆ ಬಣ್ಣದ ಗಾಜು ಮತ್ತು ಕಲ್ಲಿನ ಚೂರು ಜೋಡಿಸಿ ಮಾಡಿದ ಚಿತ್ರ, ಇವತ್ತಿಗೂ ಹೊಳೆಯುತ್ತಿದೆ. ಕವಿ ದಾಂತೆಯ ಸಮಾಧಿ ಇರುವುದೂ ಅದೇ ಊರಲ್ಲಿ.

ವಿಮಾನದ ಟಿಕೆಟ್ ತೆಗೆಯುವಾಗ ‘ಓಪನ್ ಜಾ’ ಕೇಳಿ. ಒಂದು ಊರಲ್ಲಿ ಇಳಿದು ಇನ್ನೊಂದು ಊರಿಂದ ಹತ್ತುವ ಟಿಕೆಟ್ಟಿಗೆ ಹಾಗನ್ನುತ್ತಾರೆ. ರೋಮ್‌ನಲ್ಲಿ ಇಳಿದು ವೆನಿಸ್ ಅಥವಾ ಮಿಲಾನ್‌ನಿಂದ ಹೊರಟರೆ ಮತ್ತೆ ರೋಮ್‌ಗೆ ವಾಪಸ್ ಹೋಗುವ ಒಂದು ದಿನ ಉಳಿಯುತ್ತದೆ.

ಯಾವಾಗ ಹೋಗಬೇಕು? ಏಪ್ರಿಲ್–ಮೇ, ಇಲ್ಲಾ ಸೆಪ್ಟೆಂಬರ್–ಅಕ್ಟೋಬರ್. ನಮ್ಮ ಬೇಸಿಗೆ ರಜೆಗೂ ದಸರಾ ರಜೆಗೂ ಇದು ಸರಿಯಾಗಿ ಹೊಂದುತ್ತದೆ. ಈಸ್ಟರ್ ವಾರ, ಏಪ್ರಿಲ್ 25 ಮತ್ತು ಮೇ 1ರ ಸುತ್ತಮುತ್ತ ಮಾತ್ರ ಜನಜಂಗುಳಿ, ಹೋಟೆಲ್ ದರವೂ ಏರುತ್ತದೆ. ಜುಲೈ–ಆಗಸ್ಟ್‌ನಲ್ಲಿ ರೋಮ್‌ನ ಬಿಸಿಲು ನೆರಳಿಲ್ಲದ ಕಲ್ಲಿನ ಮೇಲೆ ಬೀಳುತ್ತದೆ. ವಯಸ್ಸಾದವರನ್ನೂ ಚಿಕ್ಕ ಮಕ್ಕಳನ್ನೂ ಕರೆದುಕೊಂಡು ಆಗ ಹೋಗಬೇಡಿ. ಆಗಸ್ಟ್ 15 ಅಲ್ಲಿ ದೊಡ್ಡ ರಜೆ. ಅದರ ಆಚೀಚೆ ಮನೆಯವರೇ ನಡೆಸುವ ಎಷ್ಟೋ ಅಂಗಡಿ, ಹೋಟೆಲ್ ಮುಚ್ಚಿರುತ್ತವೆ.

2. ವೀಸಾ

ಬೇಕಾಗಿರುವುದು ಷೆಂಗೆನ್ ವೀಸಾ. ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಇದು. 180 ದಿನಗಳ ಯಾವುದೇ ಅವಧಿಯಲ್ಲಿ ಒಟ್ಟು 90 ದಿನ ಇರಬಹುದು. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು, ದಿನಗಳು ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ಬೇರೆ ದೇಶದ ವೀಸಾ ಬೇಗ ಸಿಗುತ್ತೆ ಅಂತ ಅಲ್ಲಿ ಅರ್ಜಿ ಹಾಕಿ ಪೂರ್ತಿ ಇಟಲಿಯಲ್ಲೇ ಕಳೆಯುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ.

ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ, ಆದರೆ ಅಲ್ಲಿಯವರೆಗೆ ಕಾಯಬೇಡಿ. ಬೇಸಿಗೆ ರಜೆಯ ಹೊತ್ತಿಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಎರಡೂವರೆ, ಮೂರು ತಿಂಗಳು ಮುಂಚೆ ಶುರು ಮಾಡಿದರೆ ನಿಶ್ಚಿಂತೆ. ಅರ್ಜಿ ತೆಗೆದುಕೊಳ್ಳುವ ವಿಎಫ್‌ಎಸ್ ಕೇಂದ್ರ ಬೆಂಗಳೂರಿನಲ್ಲೇ ಇದೆ. ದೊಡ್ಡವರಿಗೆ ಶುಲ್ಕ 90 ಯೂರೊ, 6ರಿಂದ 12 ವರ್ಷದ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಕೇಂದ್ರದ ಸೇವಾಶುಲ್ಕ ಬೇರೆ.

ಕಾಗದಪತ್ರಗಳಲ್ಲಿ ಮುಖ್ಯವಾದವು: ವಾಪಸ್ ಬಂದ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರುವ, ಎರಡು ಖಾಲಿ ಪುಟ ಇರುವ ಪಾಸ್‌ಪೋರ್ಟ್; ಕನಿಷ್ಠ 30,000 ಯೂರೊ ವೈದ್ಯಕೀಯ ಖರ್ಚು ಭರಿಸುವ ಪ್ರಯಾಣ ವಿಮೆ; ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆಯ ರಿಟರ್ನ್ಸ್; ಆಫೀಸಿನಿಂದ ರಜೆಯ ಪತ್ರ; ಪ್ರತಿ ರಾತ್ರಿಗೂ ಹೋಟೆಲ್ ಬುಕಿಂಗ್. ಇಲ್ಲಿ ಜನ ಎಡವುವುದು ಎರಡು ಕಡೆ. ಒಂದು, ಹೋಟೆಲಿನ ತಾರೀಖಿಗೂ ವಿಮಾನದ ತಾರೀಖಿಗೂ ತಾಳೆಯಾಗಲ್ಲ, ನಡುವೆ ಒಂದು ರಾತ್ರಿ ಎಲ್ಲೂ ಲೆಕ್ಕಕ್ಕೆ ಸಿಗಲ್ಲ. ಇನ್ನೊಂದು, ಅರ್ಜಿ ಹಾಕುವ ಹಿಂದಿನ ವಾರ ಯಾರದೋ ದುಡ್ಡು ತಂದು ಖಾತೆಗೆ ಹಾಕಿರುತ್ತಾರೆ, ಅದು ನೋಡಿದ ತಕ್ಷಣ ಗೊತ್ತಾಗುತ್ತದೆ. ವೀಸಾ ಕೈಗೆ ಬರುವ ತನಕ ರದ್ದು ಮಾಡಬಹುದಾದ ಬುಕಿಂಗನ್ನೇ ಮಾಡಿ.

3. ಮುಂಚೆಯೇ ಕೊಳ್ಳಬೇಕಾದ ಟಿಕೆಟ್‌ಗಳು

ಎಲ್ಲದಕ್ಕೂ ಮುಂಗಡ ಟಿಕೆಟ್ ಬೇಕಿಲ್ಲ. ಇವಕ್ಕೆ ಮಾತ್ರ ಬೇಕೇ ಬೇಕು:

ರೋಮ್‌ನ ಕೊಲೋಸಿಯಂ. ಅಧಿಕೃತ ತಾಣದಲ್ಲಿ ಸಾಮಾನ್ಯವಾಗಿ 30 ದಿನ ಮುಂಚೆ ಟಿಕೆಟ್ ಬಿಡುತ್ತಾರೆ. ಟಿಕೆಟ್ ಮೇಲೆ ನಿಮ್ಮ ಹೆಸರಿರುತ್ತದೆ, ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ತುಂಬಿ. ಅದೇ ಟಿಕೆಟ್ಟಿನಲ್ಲಿ ಪಕ್ಕದ ರೋಮನ್ ಫೋರಂ ಮತ್ತು ಪಾಲಟೈನ್ ಗುಡ್ಡವೂ ಸೇರಿದೆ. ಎಷ್ಟೋ ಜನ ಇದು ಗೊತ್ತಿಲ್ಲದೆ ಕೊಲೋಸಿಯಂ ನೋಡಿ ಹೊರಟುಬಿಡುತ್ತಾರೆ.

ವ್ಯಾಟಿಕನ್ ಮ್ಯೂಸಿಯಂ. ಭಾನುವಾರ ರಜೆ. ತಿಂಗಳ ಕೊನೆಯ ಭಾನುವಾರ ಮಾತ್ರ ತೆರೆದಿರುತ್ತದೆ, ಪ್ರವೇಶ ಉಚಿತ. ಉಚಿತ ಅಂತ ಅವತ್ತು ಹೋದರೆ ಅದರೊಳಗಿನ ಸಿಸ್ಟೀನ್ ಚಾಪೆಲ್‌ನಲ್ಲಿ ಕತ್ತೆತ್ತಿ ನೋಡುವುದಕ್ಕೂ ಜಾಗ ಸಿಗುವುದು ಕಷ್ಟ.

ರೋಮ್‌ನ ಬೋರ್ಗೇಸೆ ಗ್ಯಾಲರಿ, ಫ್ಲಾರೆನ್ಸ್‌ನ ಉಫೀತ್ಸಿ ಮತ್ತು ಅಕಾಡೆಮಿಯಾ. ಮೂರಕ್ಕೂ ಸೋಮವಾರ ರಜೆ. ಮಿಲಾನ್‌ಗೆ ಹೋಗುವವರು ಲಿಯೊನಾರ್ಡೊನ ‘ಕೊನೆಯ ಭೋಜನ’ ನೋಡಬೇಕಾದರೆ ವೀಸಾ ಬಂದ ದಿನವೇ ಟಿಕೆಟ್ ಹುಡುಕಿ. ಒಳಗೆ ಬಿಡುವುದು 15 ನಿಮಿಷ ಮಾತ್ರ, ಟಿಕೆಟ್ ಬಹಳ ಮುಂಚೆ ಖಾಲಿಯಾಗುತ್ತದೆ.

ಎಚ್ಚರಿಕೆ: ಹುಡುಕಿದಾಗ ಮೊದಲು ಕಾಣುವ ತಾಣಗಳು ಬಹುಪಾಲು ಮರುಮಾರಾಟದವರದು. ಅದೇ ಟಿಕೆಟ್ಟಿಗೆ ಎರಡರಷ್ಟು, ಮೂರರಷ್ಟು ಕೇಳುತ್ತಾರೆ. ಆಯಾ ಮ್ಯೂಸಿಯಂನ ಸ್ವಂತ ತಾಣದಲ್ಲೇ ಕೊಳ್ಳಿ.

ವೆನಿಸ್‌ಗೆ ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ ಜನಜಾಸ್ತಿಯ ಕೆಲವು ದಿನಗಳಲ್ಲಿ ಪ್ರವೇಶ ಶುಲ್ಕ ಇದೆ. 2024ರಲ್ಲಿ ಶುರುವಾಯಿತು. ಅಲ್ಲೇ ರಾತ್ರಿ ತಂಗುವವರು ಕಟ್ಟಬೇಕಿಲ್ಲ, ಆದರೆ ವಿನಾಯಿತಿಗೆ ಹೆಸರು ನೋಂದಾಯಿಸಬೇಕು.

4. ಹೊರಡುವ ಮುಂಚೆ ಮಂಗಳೂರಿಗೊಮ್ಮೆ ಹೋಗಿ

ನಿಜವಾಗಿ ಹೇಳುತ್ತಿದ್ದೇನೆ. ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲ್‌ನ ಗೋಡೆ, ಮಾಡಿನ ಚಿತ್ರಗಳನ್ನು ಬರೆದದ್ದು ಆಂತೋನಿಯೊ ಮೊಸ್ಕೇನಿ ಅನ್ನುವ ಇಟಲಿಯ ಜೆಸ್ಯೂಟ್, ಅಂದರೆ ಒಂದು ಕ್ಯಾಥೊಲಿಕ್ ಪಂಥದ ಸನ್ಯಾಸಿ. ಉತ್ತರ ಇಟಲಿಯ ಬೆರ್ಗಮೊ ಹತ್ತಿರದವರು. 1899ರಿಂದ 1901ರ ತನಕ ಇಲ್ಲಿ ಕೆಲಸ ಮಾಡಿದರು. ಅಲ್ಲಿ ಫ್ರೆಸ್ಕೊ ಅಂದರೇನು ಅಂತ ಕಣ್ಣಾರೆ ನೋಡಬಹುದು. ಸುಣ್ಣದ ಗಾರೆ ಇನ್ನೂ ಹಸಿ ಇರುವಾಗಲೇ ಅದರ ಮೇಲೆ ಬಣ್ಣ ಹಚ್ಚುತ್ತಾರೆ, ಗಾರೆ ಒಣಗುತ್ತಾ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಹಾಗಾಗಿ ಒಂದು ದಿನಕ್ಕೆ ಎಷ್ಟು ಬರೆಯಬಹುದೋ ಅಷ್ಟೇ ಗಾರೆ ಹಚ್ಚಬೇಕು. ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಶುರು ಮಾಡಬೇಕು.

ಇದನ್ನು ತಿಳಿದುಕೊಂಡು ಸಿಸ್ಟೀನ್ ಚಾಪೆಲ್‌ಗೆ ಹೋದರೆ ನೋಡುವ ಕಣ್ಣೇ ಬೇರೆಯಾಗುತ್ತದೆ. ಮೈಕೆಲೆಂಜೆಲೊ ಆ ಮಾಡನ್ನು 1508ರಿಂದ 1512ರ ತನಕ ಹೀಗೆ ದಿನಕ್ಕೊಂದು ತುಂಡಿನಂತೆ ಬರೆದ. ಲಿಯೊನಾರ್ಡೊಗೆ ಈ ಅವಸರ ಒಗ್ಗಲಿಲ್ಲ. ‘ಕೊನೆಯ ಭೋಜನ’ವನ್ನು ಒಣ ಗೋಡೆಯ ಮೇಲೆ ನಿಧಾನವಾಗಿ ಬರೆದ. ಅದು ಅವನ ಕಾಲದಲ್ಲೇ ಉದುರಲು ಶುರುವಾಯಿತು, ಅದಕ್ಕೇ ಇವತ್ತು ಅಷ್ಟು ಬಿಗಿ ಕಾವಲು.

5. ರೈಲು

ಊರಿಂದ ಊರಿಗೆ ರೈಲೇ ಸರಿ. ವೇಗದ ರೈಲುಗಳನ್ನು ಎರಡು ಕಂಪನಿಗಳು ಓಡಿಸುತ್ತವೆ, ತ್ರೆನಿತಾಲಿಯಾ ಮತ್ತು ಇತಾಲೊ. ರೋಮ್‌ನಿಂದ ಫ್ಲಾರೆನ್ಸ್ ಸುಮಾರು ಒಂದೂವರೆ ಗಂಟೆ, ಫ್ಲಾರೆನ್ಸ್‌ನಿಂದ ವೆನಿಸ್ ಎರಡು ಗಂಟೆಗೆ ಸ್ವಲ್ಪ ಮೇಲೆ. ಇವುಗಳ ಟಿಕೆಟ್ ವಿಮಾನದ ಟಿಕೆಟ್ಟಿನ ಹಾಗೆ ದಿನ ಹತ್ತಿರವಾದಷ್ಟೂ ಏರುತ್ತದೆ, ಮುಂಚೆ ತೆಗೆಯಿರಿ. ‘ರೆಜೊನಾಲೆ’ ಅನ್ನುವ ನಿಧಾನದ ರೈಲುಗಳಿಗೆ ದರ ಒಂದೇ. ಅವತ್ತೇ ಕೊಂಡರೂ ನಷ್ಟವಿಲ್ಲ.

ಜಾಸ್ತಿ ಜನ ದಂಡ ಕಟ್ಟುವುದು ಇಲ್ಲೇ: ರೆಜೊನಾಲೆಯ ಕಾಗದದ ಟಿಕೆಟನ್ನು ಹತ್ತುವ ಮುಂಚೆ ಪ್ಲಾಟ್‌ಫಾರಂನ ಪುಟ್ಟ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಲೇಬೇಕು. ಮೊಬೈಲ್‌ನಲ್ಲಿ ಕೊಂಡಿದ್ದರೆ ಚೆಕ್-ಇನ್ ಒತ್ತಬೇಕು. ಟಿಕೆಟ್ ಇದ್ದರೂ ಮುದ್ರೆ ಇಲ್ಲದಿದ್ದರೆ ದಂಡ. ಗೊತ್ತಿರಲಿಲ್ಲ ಅಂದರೆ ಕೇಳುವುದಿಲ್ಲ.

ಬೋರ್ಡಿನಲ್ಲಿ ‘ಪಾರ್ತೆಂತ್ಸೆ’ ಅಂದರೆ ಹೊರಡುವ ರೈಲು, ‘ಅರ್ರೀವಿ’ ಬರುವ ರೈಲು, ‘ಬಿನಾರಿಯೊ’ ಪ್ಲಾಟ್‌ಫಾರಂ. ಅಲ್ಲಿ ಕಾಣುವುದು ರೈಲಿನ ಕೊನೆಯ ಊರಿನ ಹೆಸರು, ನೀವು ಇಳಿಯುವ ಊರಲ್ಲ. ರೈಲಿನ ನಂಬರ್ ನೋಡಿ ಹತ್ತಿ. ಬಿನಾರಿಯೊ ಕೊನೆಯ ಹದಿನೈದು ನಿಮಿಷದಲ್ಲಿ ಬರುತ್ತದೆ, ಗಾಬರಿ ಬೇಡ.

ವೆನಿಸ್‌ಗೆ ಎರಡು ಸ್ಟೇಷನ್. ಮೆಸ್ತ್ರೆ ಇರುವುದು ಮುಖ್ಯಭೂಮಿಯಲ್ಲಿ, ಸಾಂತಾ ಲುಚೀಯಾ ಇರುವುದು ದ್ವೀಪದ ಮೇಲೆ. ಕಾಲುವೆಗಳ ವೆನಿಸ್ ಬೇಕಾದರೆ ಎರಡನೆಯದು. ‘ಶೋಪೆರೊ’ ಅನ್ನುವ ಮಾತು ಸುದ್ದಿಯಲ್ಲಿ ಕಂಡರೆ ಮುಷ್ಕರ ಅಂತ ಅರ್ಥ. ಮೊದಲೇ ಘೋಷಿಸಿರುತ್ತಾರೆ. ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಕನಿಷ್ಠ ಸೇವೆ ಇರುತ್ತದೆ, ಪ್ರಯಾಣವನ್ನು ಆ ಹೊತ್ತಿಗೆ ಹೊಂದಿಸಿಕೊಳ್ಳಿ.

ಕಾರು ಬಾಡಿಗೆಗೆ ತೆಗೆಯುವವರಿಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. ಊರಿನ ಹಳೆಯ ಭಾಗಗಳಲ್ಲಿ ‘ಝೆಡ್‌ಟಿಎಲ್’ ಅನ್ನುವ ನಿರ್ಬಂಧಿತ ವಲಯ ಇರುತ್ತದೆ, ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತದೆ, ನೀವು ಮನೆಗೆ ಬಂದ ಎಷ್ಟೋ ತಿಂಗಳ ಮೇಲೆ ದಂಡದ ಕಾಗದ ಬರುತ್ತದೆ. ಊರೊಳಗೆ ಕಾರು ಬೇಡವೇ ಬೇಡ.

6. ದಿನಕ್ಕೆ ಒಂದೇ ದೊಡ್ಡ ಜಾಗ

ಬೆಳಿಗ್ಗೆ ಒಂದು ದೊಡ್ಡ ಮ್ಯೂಸಿಯಂ ಅಥವಾ ಸ್ಮಾರಕ, ಸಂಜೆ ಸುಮ್ನೆ ನಡಿಗೆ. ಇಷ್ಟೇ ಇಟ್ಟುಕೊಳ್ಳಿ. ಚರ್ಚುಗಳು ಮಧ್ಯಾಹ್ನ ಎರಡು ಮೂರು ಗಂಟೆ ಮುಚ್ಚುವುದು ಮಾಮೂಲು. ಒಳಗೆ ಹೋಗಲು ಹೆಗಲು, ಮೊಣಕಾಲು ಮುಚ್ಚಿರಬೇಕು. ಚೀಲದಲ್ಲೊಂದು ದುಪ್ಪಟ್ಟಾ ಇದ್ದರೆ ಸಾಕು.

ಉಫೀತ್ಸಿಯಲ್ಲಿ ಎಲ್ಲರೂ ಬೊತ್ತಿಚೆಲ್ಲಿಯ ವೀನಸ್ ಕಡೆಗೆ ಓಡುತ್ತಾರೆ. ನೀವು ಅದಕ್ಕೆ ಮುಂಚೆ ಬರುವ ಕೋಣೆಯಲ್ಲಿ ನಿಲ್ಲಿ. ಅಲ್ಲಿ ಮೇರಿ ಮಗುವನ್ನು ಹಿಡಿದು ಸಿಂಹಾಸನದಲ್ಲಿ ಕೂತ ಮೂರು ದೊಡ್ಡ ಚಿತ್ರಗಳಿವೆ, ಬರೆದವರು ಚಿಮಾಬೂಯೆ, ದುಚ್ಚೊ, ಜೊತ್ತೊ. ಮೂರರದ್ದೂ ಚಿನ್ನದ ಹಿನ್ನೆಲೆ. ಚಿಮಾಬೂಯೆಯ ಮೇರಿಯ ಬಟ್ಟೆಯ ಮಡಿಕೆಗಳು ಚಿನ್ನದ ಗೆರೆಗಳು, ಚೆಂದ, ಆದರೆ ಒಳಗೆ ಮೈ ಇದೆ ಅನ್ನಿಸುವುದಿಲ್ಲ. ಅದಾದ ಮೇಲೆ ಜೊತ್ತೊನ ಚಿತ್ರ ನೋಡಿ. ಬಟ್ಟೆಯ ಕೆಳಗೆ ಮೊಣಕಾಲು ಕಾಣುತ್ತದೆ, ಎದೆಯ ಮೇಲೆ ಬಟ್ಟೆ ಎಳೆದು ನಿಂತಿದೆ, ಆಕೆ ನಿಜವಾಗಿ ಭಾರ ಬಿಟ್ಟು ಕೂತಿದ್ದಾಳೆ. ಎರಡರ ನಡುವೆ ಕೆಲವೇ ದಶಕಗಳ ಅಂತರ. ಮುಂದೆ ಎರಡು ಶತಮಾನ ಫ್ಲಾರೆನ್ಸ್‌ನ ಚಿತ್ರಕಾರರು ಹಿಡಿದ ದಾರಿ ಇದೇ. ಈ ಒಂದು ಕೋಣೆಯಲ್ಲಿ ಇಪ್ಪತ್ತು ನಿಮಿಷ ಕಳೆದರೆ ಉಳಿದ ಕೋಣೆಗಳು ತಾವಾಗಿ ಅರ್ಥವಾಗುತ್ತವೆ.

ದುಡ್ಡು ಕೊಡದೆ ನೋಡುವುದೂ ಬೇಕಾದಷ್ಟಿದೆ. ರೋಮ್‌ನ ಸಾನ್ ಲುಯೀಜಿ ದೇಯಿ ಫ್ರಾಂಚೇಸಿ ಚರ್ಚಿನಲ್ಲಿ ಕಾರವಾಜ್ಜೊ ಬರೆದ ಸಂತ ಮ್ಯಾಥ್ಯೂವಿನ ಮೂರು ಚಿತ್ರಗಳಿವೆ. ಚಿಲ್ಲರೆ ನಾಣ್ಯ ಇಟ್ಟುಕೊಳ್ಳಿ. ಪೆಟ್ಟಿಗೆಗೆ ನಾಣ್ಯ ಹಾಕಿದರೆ ದೀಪ ಹತ್ತುತ್ತದೆ, ಸ್ವಲ್ಪ ಹೊತ್ತಿಗೆ ಆರುತ್ತದೆ.

ಕನ್ನಡಿಗರು ತಪ್ಪದೆ ಹೋಗಬೇಕಾದ ಜಾಗವೊಂದು ರೋಮ್‌ನಲ್ಲಿದೆ. ಕ್ಯಾಪಿಟೊಲೈನ್ ಗುಡ್ಡದ ಮೇಲೆ, 124 ಮೆಟ್ಟಿಲು ಹತ್ತಿದರೆ, ಸಾಂತಾ ಮರಿಯಾ ಇನ್ ಅರಚೇಲಿ ಚರ್ಚು. ಪಿಯೆತ್ರೊ ದೆಲ್ಲಾ ವಾಲ್ಲೆಯ ಮನೆತನದ ಸಮಾಧಿ ಅಲ್ಲಿದೆ. ಈ ರೋಮ್‌ನವನು 1623ರಲ್ಲಿ ಗೋವಾದ ಪೋರ್ಚುಗೀಸರ ರಾಯಭಾರಿಯ ಜೊತೆ ಇಕ್ಕೇರಿಗೆ, ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದಿದ್ದ. ದೇವಸ್ಥಾನದ ಜಗಲಿಯಲ್ಲಿ ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಲ್ಲಿ ಬರೆಯುತ್ತಾ, ರಾಗವಾಗಿ ಹೇಳುತ್ತಾ ಲೆಕ್ಕ ಕಲಿಯುತ್ತಿದ್ದದ್ದನ್ನು ನೋಡಿ ಪತ್ರದಲ್ಲಿ ವಿವರವಾಗಿ ಬರೆದ. ಉಳ್ಳಾಲದ ರಾಣಿಯನ್ನೂ ಕಂಡು ಮಾತಾಡಿಸಿದ. ದಾರಿಯಲ್ಲಿ ತೀರಿಕೊಂಡ ಹೆಂಡತಿ ಮಾನಿಯ ದೇಹವನ್ನು ವರ್ಷಗಟ್ಟಲೆ ಜೊತೆಗೇ ಒಯ್ದು, ಕೊನೆಗೆ ಈ ಚರ್ಚಿನಲ್ಲೇ ಮಣ್ಣು ಮಾಡಿದ. ಒಳಗೆ ಹೋಗಲು ಟಿಕೆಟ್ ಇಲ್ಲ.

ನೇಪಲ್ಸ್‌ಗೆ ಹೋಗುವವರು ಪೊಂಪೆಯ ಜೊತೆಗೆ ಊರಿನ ಪುರಾತತ್ವ ಮ್ಯೂಸಿಯಂ ಸೇರಿಸಿಕೊಳ್ಳಿ, ಮಂಗಳವಾರ ರಜೆ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದಾಗ ಹೂತುಹೋದ ಪೊಂಪೆಯ ಒಂದು ಮನೆಯಲ್ಲಿ ಭಾರತದಿಂದ ಹೋದ ದಂತದ ಪುಟ್ಟ ಹೆಣ್ಣುಮೂರ್ತಿ 1938ರಲ್ಲಿ ಸಿಕ್ಕಿತು. ‘ಪೊಂಪೆಯ ಲಕ್ಷ್ಮಿ’ ಅಂತ ಕರೆಯುತ್ತಾರೆ, ಯಕ್ಷಿ ಇರಬಹುದು ಅನ್ನುವವರೂ ಇದ್ದಾರೆ. ಅದಿರುವುದು ಈ ಮ್ಯೂಸಿಯಂನಲ್ಲಿ. ನಮ್ಮ ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ನಾಣ್ಯಗಳು ನೆನಪಿಗೆ ಬರುತ್ತವೆ ಅಲ್ವಾ?

7. ಹಸಿರು, ಕಡಲು, ಬೆಟ್ಟಕ್ಕೆ ಎರಡು ದಿನ

ಕಾರಿಲ್ಲದೆ ಹೋಗಲು ಸುಲಭವಾದದ್ದು ಚಿಂಕ್ವೆ ತೆರ್ರೆ, ಕಡಲ ಕಡಿದಾದ ಬಂಡೆಗೆ ಅಂಟಿಕೊಂಡ ಐದು ಹಳ್ಳಿಗಳು. ಲಾ ಸ್ಪೆತ್ಸಿಯಾ ಊರಿನಲ್ಲಿ ಉಳಿದುಕೊಂಡು ಲೋಕಲ್ ರೈಲಲ್ಲಿ ಹೋಗಿ ಬರಬಹುದು. ಬೆಳಿಗ್ಗೆ ಎಂಟರೊಳಗೆ ಅಲ್ಲಿರಿ, ಹತ್ತರ ಮೇಲೆ ನಿಲ್ಲಲೂ ಜಾಗವಿರುವುದಿಲ್ಲ. ಮೇಲಿನ ಗುಡ್ಡ ನೋಡಿ: ಗಾರೆ ಇಲ್ಲದೆ ಬರೀ ಕಲ್ಲು ಪೇರಿಸಿದ ಗೋಡೆಗಳು, ಒಂದರ ಮೇಲೊಂದು ಮೆಟ್ಟಿಲು, ಪ್ರತಿ ಮೆಟ್ಟಿಲಲ್ಲೂ ದ್ರಾಕ್ಷಿ. ಶತಮಾನಗಳ ಕಾಲ ಜನ ಕೈಯಲ್ಲೇ ಕಟ್ಟಿದ್ದು. ಹಳ್ಳಿಯಿಂದ ಹಳ್ಳಿಗೆ ಕಾಲುದಾರಿ ಇದೆ. ಕೆಲವಕ್ಕೆ ಕಾರ್ಡ್ ಕೊಳ್ಳಬೇಕು, ಮಳೆ ಬಂದರೆ ಮುಚ್ಚುತ್ತಾರೆ, ಚಪ್ಪಲಿಯಲ್ಲಿ ಹೋದರೆ ದಂಡವೂ ಬೀಳಬಹುದು.

ಮಿಲಾನ್ ಕಡೆಯಿಂದ ಹೋಗುವವರಿಗೆ ಕೋಮೊ ಸರೋವರ. ಮಿಲಾನೊ ಚೆಂತ್ರಾಲೆ ಸ್ಟೇಷನ್ನಿನಿಂದ ಸರೋವರದ ದಡದ ವರೆನ್ನಾಗೆ ರೈಲಲ್ಲಿ ಒಂದು ಗಂಟೆ ಚಿಲ್ಲರೆ, ಅಲ್ಲಿಂದ ದೋಣಿಯಲ್ಲಿ ಬೆಲ್ಲಾಜೊ. ದೊಲೊಮಿತಿ ಬೆಟ್ಟಗಳಿಗೆ ಜೂನ್ ಕೊನೆಯಿಂದ ಸೆಪ್ಟೆಂಬರ್ ಒಳ್ಳೆಯ ಕಾಲ, ಆದರೆ ಕನಿಷ್ಠ ಮೂರು ರಾತ್ರಿ ಬೇಕು. ಒಂದೇ ದಿನದಲ್ಲಿ ಮುಗಿಸುತ್ತೇನೆ ಅಂತ ವೆನಿಸ್‌ನಿಂದ ಹೊರಡಬೇಡಿ.

8. ಸಸ್ಯಾಹಾರಿಗಳ ಊಟ

ಹಸಿವಿನಿಂದ ಇರಬೇಕಾಗುತ್ತೆ ಅನ್ನುವ ಭಯ ಬೇಡ. “ಸೋನೊ ವೆಜೆತಾರಿಯಾನೊ” ಅನ್ನಿ, ಹೆಂಗಸರು “ವೆಜೆತಾರಿಯಾನಾ”. ಜೊತೆಗೆ “ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ”, ಮಾಂಸ ಬೇಡ, ಮೀನು ಬೇಡ ಅಂತ. ಆದರೆ ಕಣ್ಣಿಗೆ ಕಾಣದ ಕಡೆ ಎಚ್ಚರ ಇರಲಿ:

ಸೂಪನ್ನೂ ರಿಸೊತ್ತೊ ಅನ್ನುವ ಅನ್ನದ ಅಡುಗೆಯನ್ನೂ ಮಾಂಸದ ಸಾರಿನಲ್ಲಿ ಬೇಯಿಸಿರಬಹುದು. ‘ಬ್ರೋದೊ ವೆಜೆತಾಲೆ’ನಾ ಅಂತ ಕೇಳಿ, ಅಂದರೆ ತರಕಾರಿಯ ಸಾರು. ಪಾರ್ಮಿಜಾನೊ ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ, ಕಟ್ಟುನಿಟ್ಟಿನವರು ಬೇಡ ಅನ್ನಿ. ‘ಅಚ್ಚೂಗೆ’ ಅಥವಾ ‘ಅಲೀಚಿ’ ಅಂದರೆ ಸಣ್ಣ ಮೀನು. ‘ಸ್ತ್ರುತ್ತೊ’ ಹಂದಿಯ ಕೊಬ್ಬು, ಕೆಲವು ರೊಟ್ಟಿಗಳಲ್ಲಿ ಇರುತ್ತದೆ. ಹಸಿ ಪಾಸ್ತಾಗೆ, ಅದರಲ್ಲೂ ಬೊಲೋನ್ಯಾ ಕಡೆ, ಮೊಟ್ಟೆ ಹಾಕುತ್ತಾರೆ. ಒಣ ಪಾಸ್ತಾ ಸಾಮಾನ್ಯವಾಗಿ ಬರೀ ಗೋಧಿ ರವೆಯದು. ತಿರಾಮಿಸು ಅನ್ನುವ ಸಿಹಿಯಲ್ಲಿ ಹಸಿ ಮೊಟ್ಟೆ.

ಧೈರ್ಯವಾಗಿ ತಿನ್ನಬಹುದಾದದ್ದು: ಪೀತ್ಸಾ ಮರಿನಾರಾ. ಹೆಸರಲ್ಲಿ ಕಡಲಿದ್ದರೂ ಮೀನಿಲ್ಲ, ಚೀಸೂ ಇಲ್ಲ. ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೇ. ಲಾ ಸ್ಪೆತ್ಸಿಯಾ, ಜಿನೋವಾ ಕಡೆ ಫಾರಿನಾತಾ ಸಿಗುತ್ತದೆ. ಕಡಲೆ ಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಕಲಸಿ ಅಗಲ ತಾಮ್ರದ ತಟ್ಟೆಯಲ್ಲಿ ಹೊಯ್ದು ಸೌದೆ ಒಲೆಗೆ ತಳ್ಳುತ್ತಾರೆ. ಅಂಚು ಗರಿಗರಿ, ನಡುವೆ ಮೆತ್ತಗೆ, ನಮ್ಮ ಕಡಲೆ ಹಿಟ್ಟಿನ ದೋಸೆಯ ದಪ್ಪ ತುಂಡಿನ ಹಾಗೆ. ಮೇಲೆ ಕರಿಮೆಣಸಿನ ಪುಡಿ ಉದುರಿಸಿ ಬಿಸಿಬಿಸಿಯಾಗಿ ತಿನ್ನಿ.

ಊಟದ ಹೊತ್ತು ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡೂವರೆ, ರಾತ್ರಿ ಏಳೂವರೆಯ ಮೇಲೆ. ನಡುವೆ ಅಡುಗೆಮನೆ ಮುಚ್ಚಿರುತ್ತದೆ. ಬಿಲ್ಲಿನಲ್ಲಿ ಕಾಣುವ ‘ಕೊಪೆರ್ತೊ’ ತಲೆಗಿಷ್ಟು ಅಂತ ಕೂತದ್ದಕ್ಕೆ ಹಾಕುವ ದುಡ್ಡು, ಮೋಸ ಅಲ್ಲ. ಕಾಫಿಯನ್ನು ಕೌಂಟರಿನಲ್ಲಿ ನಿಂತು ಕುಡಿದರೆ ಒಂದು ದರ, ಮೇಜಿಗೆ ತರಿಸಿದರೆ ಜಾಸ್ತಿ. ರೋಮ್‌ನ ಬೀದಿ ನಲ್ಲಿಗಳ ನೀರು ಕುಡಿಯಲು ಚೆನ್ನಾಗಿದೆ, ಬಾಟಲಿ ಒಯ್ಯಿರಿ.

9. ದುಡ್ಡು ಮತ್ತು ಜೇಬು

ಕಾರ್ಡ್ ಉಜ್ಜುವಾಗ ಯಂತ್ರ “ರೂಪಾಯಿಯಲ್ಲಾ, ಯೂರೊದಲ್ಲಾ” ಅಂತ ಕೇಳಿದರೆ ಯಾವಾಗಲೂ ಯೂರೊ ಒತ್ತಿ. ರೂಪಾಯಿ ಒತ್ತಿದರೆ ಅವರು ಇಟ್ಟ ದುಬಾರಿ ದರಕ್ಕೆ ಲೆಕ್ಕವಾಗುತ್ತದೆ. ನಗದು ಬೇಕಾದರೆ ಬ್ಯಾಂಕಿನ ಗೋಡೆಯಲ್ಲಿರುವ ಎಟಿಎಂ ಬಳಸಿ. ಹೋಟೆಲಿನಲ್ಲಿ ತಲೆಗೆ, ರಾತ್ರಿಗೆ ಇಷ್ಟು ಅಂತ ನಗರ ತೆರಿಗೆ ಬೇರೆ ಕಟ್ಟಬೇಕು, ಬುಕಿಂಗ್ ಮಾಡುವಾಗ ಅದು ಸೇರಿರುವುದಿಲ್ಲ.

ಜೇಬುಗಳ್ಳರು ಇರುವುದು ರೋಮ್‌ನ ಟರ್ಮಿನಿ ಸ್ಟೇಷನ್, ಮೆಟ್ರೊ, ವ್ಯಾಟಿಕನ್‌ಗೆ ಹೋಗುವ 64ನೇ ನಂಬರ್ ಬಸ್ಸು, ನೇಪಲ್ಸ್‌ನಿಂದ ಪೊಂಪೆಗೆ ಹೋಗುವ ಲೋಕಲ್ ರೈಲು. ಚೀಲ ಮುಂದೆ ಹಾಕಿಕೊಳ್ಳಿ, ಫೋನು ಹಿಂದಿನ ಜೇಬಲ್ಲಿ ಬೇಡ. ಕೈಗೆ ದಾರ ಕಟ್ಟಲು ಬರುವವರಿಗೂ ಟಿಕೆಟ್ ಯಂತ್ರದ ಹತ್ತಿರ ಸಹಾಯ ಮಾಡುತ್ತೇನೆ ಅನ್ನುವವರಿಗೂ “ನೋ, ಗ್ರಾತ್ಸಿಯೆ” ಅಂದು ಮುಂದೆ ಹೋಗಿ. ಪೊಲೀಸ್, ಆಂಬುಲೆನ್ಸ್ ಎರಡಕ್ಕೂ 112.

10. ವಾಪಸ್ ಬರುವ ದಿನ

ಒಂದೇ ಅಂಗಡಿಯಲ್ಲಿ 70 ಯೂರೊಗಿಂತ ಜಾಸ್ತಿ ಸಾಮಾನು ಕೊಂಡಿದ್ದರೆ ವ್ಯಾಟ್, ಅಂದರೆ ಮಾರಾಟ ತೆರಿಗೆಯ ಒಂದು ಭಾಗ, ವಾಪಸ್ ಸಿಗುತ್ತದೆ. ಕೊಳ್ಳುವಾಗಲೇ ಪಾಸ್‌ಪೋರ್ಟ್ ತೋರಿಸಿ ‘ಟ್ಯಾಕ್ಸ್ ಫ್ರೀ’ ಫಾರಂ ಕೇಳಿ ಪಡೆಯಿರಿ. ವಿಮಾನ ನಿಲ್ದಾಣದಲ್ಲಿ ಲಗೇಜು ಕೊಡುವುದಕ್ಕೆ ಮುಂಚೆ ಆ ಫಾರಂಗೆ ಕಸ್ಟಮ್ಸ್ ಅನುಮೋದನೆ ಮಾಡಿಸಿಕೊಳ್ಳಬೇಕು. ಸಾಮಾನು ತೋರಿಸಿ ಅಂದರೆ ತೋರಿಸಬೇಕಾಗುತ್ತದೆ, ಪೆಟ್ಟಿಗೆ ಒಳಗೆ ಹೋದ ಮೇಲೆ ಏನೂ ಮಾಡಲಾಗದು. ಫ್ರಾಂಕ್‌ಫರ್ಟ್, ಪ್ಯಾರಿಸ್ ಮೂಲಕ ಬರುವವರು ಯುರೋಪಿಯನ್ ಒಕ್ಕೂಟ ಬಿಡುವ ಕೊನೆಯ ನಿಲ್ದಾಣದಲ್ಲಿ ಇದನ್ನು ಮಾಡಿಸಬೇಕು, ಹಾಗಾಗಿ ಆ ಸಾಮಾನು ಕೈಚೀಲದಲ್ಲೇ ಇರಲಿ. ಸಾಲು ಉದ್ದ ಇರುತ್ತದೆ, ಮಾಮೂಲಿಗಿಂತ ಒಂದು ಗಂಟೆ ಮುಂಚೆ ಹೊರಡಿ.